ಆ ಶತ್ರುದೇಶ ನಾನೇ, ನಾನು ಯುದ್ಧಕ್ಕೆ ಬರುತ್ತಿಲ್ಲ

ಸಮರ ತಾಲೀಮು ವಿಭಾಗದ ಮಾನ್ಯ ನಿರ್ದೇಶಕರೇ,

ನೆರೆಯ ದೇಶ ನಮ್ಮ ಮೇಲೆ ದಂಡೆತ್ತಿ ಬರಲಿದೆ, ಅದು ಬರುವ ಮೊದಲೇ ನಾವು ಹೋಗಿ ಹೊಡೆಯಬೇಕು ಎಂದು ತಾವು ಸರ್ಕಾರಕ್ಕೆ ವರದಿ ಕೊಟ್ಟಿದ್ದೀರಿ. ಆ ನೆರೆಯ ದೇಶ ನಾನು. ನಾನು ಎಲ್ಲಿಗೂ ಬರುತ್ತಿಲ್ಲ. ಮುಂದಿನ ವಾರ ನನಗೆ ಇಂಟರ್ನಲ್ಸ್ ಇದೆ.

ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ಬೇರೆಯವರಿಗೆ ಪರೀಕ್ಷೆಯ ಭಯಕ್ಕೆ ತಲೆಕೆಟ್ಟ ಹುಡುಗಿಯ ಮಾತು ಎನಿಸಿದರೆ ಅದು ಅವರ ತಪ್ಪಲ್ಲ. ತಮಗೆ ಮಾತ್ರ ಹಾಗೆ ಎನಿಸಬಾರದು. ನನ್ನನ್ನು ನೆರೆಯ ದೇಶವಾಗಿ ನೇಮಿಸಿದವರು ತಾವು. ‘ಶತ್ರು’ ಎಂದು ಅಚ್ಚು ಹಾಕಿದ ಪಾಸನ್ನು ನನ್ನ ಕೊರಳಿಗೆ ನೇತುಹಾಕಿದ್ದು ತಮ್ಮ ಕಚೇರಿ. ತಮ್ಮ ವರದಿಯನ್ನು ನಂಬಿ ಸರ್ಕಾರ ಯಾರು ಯಾರಿಗೆ ಸೇನೆಯ ಕರೆ ಕಳುಹಿಸಿದೆಯೋ ಅವರಲ್ಲಿ ನನ್ನ ಅಣ್ಣನೂ ಒಬ್ಬ. ಲಿಫ್ಟ್ ರಿಪೇರಿ ಮಾಡುವವನು. ಸ್ಪ್ಯಾನರ್ ಬಿಟ್ಟು ಬೇರೆ ಆಯುಧ ಮುಟ್ಟಿದವನಲ್ಲ. ಬರುವ ಸೋಮವಾರ ಅವನು ಗಡಿಗೆ ಹೋಗುವ ರೈಲು ಹತ್ತಬೇಕಂತೆ. ಅವನು ಹತ್ತಬಾರದು. ಈ ಪತ್ರ ಅಷ್ಟಕ್ಕೇ. ಉಳಿದದ್ದೆಲ್ಲ ಅದಕ್ಕೆ ಪುರಾವೆ.

ಓದುಗರಿಗಾಗಿ ಮೊದಲಿನಿಂದ ಹೇಳುತ್ತೇನೆ, ತಾವು ಬೇಕಾದರೆ ಈ ಪ್ಯಾರಾ ದಾಟಿ ಮುಂದೆ ಹೋಗಿ. ತಮ್ಮ ಕಚೇರಿಯ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಕೋಣೆ, ಅದರ ನಡುವೆ ಅದಕ್ಕಿಂತ ದೊಡ್ಡದೇನೋ ಎನಿಸುವಂಥ ಒಂದು ಟೇಬಲ್. ಅದರ ತುಂಬ ಎರಡೂ ದೇಶಗಳ ನಕ್ಷೆ. ನಕ್ಷೆಯ ಮೇಲೆ ಮರದ ಬಿಲ್ಲೆಗಳು, ನೀಲಿ ನಮ್ಮವು, ಕೆಂಪು ಅವರವು. ಒಂದು ಬಿಲ್ಲೆಯೆಂದರೆ ಒಂದು ಪಡೆ, ಇಲ್ಲವೇ ಒಂದು ಹಡಗು, ಇಲ್ಲವೇ ಒಂದು ಧಾನ್ಯದ ಗೋದಾಮು. ನೀಲಿ ಕಡೆ ತಾವು ಕೂರುತ್ತೀರಿ. ಕೆಂಪು ಕಡೆ ಇನ್ನೊಬ್ಬರು ಕೂತು ಶತ್ರು ಹೇಗೆ ಯೋಚಿಸುತ್ತಾನೋ ಹಾಗೆ ಬಿಲ್ಲೆ ನಡೆಸಬೇಕು. ನಡುವೆ ಸೀಟಿ ಹಿಡಿದು ನಿಂತವರು ತೀರ್ಪುಗಾರರು, ಒಬ್ಬ ನಿವೃತ್ತ ಮೇಜರ್. ಹಿಂದೆಲ್ಲ ಕೆಂಪು ಕಡೆಗೂ ನಿವೃತ್ತ ಅಧಿಕಾರಿಗಳನ್ನೇ ಕೂರಿಸುತ್ತಿದ್ದಿರಂತೆ. ಅವರೋ ಬೆಳಗಿನ ಟೀ ಬರುವುದರೊಳಗೆ ಯುದ್ಧ ಸಾರಿ, ಊಟದ ಹೊತ್ತಿಗೆ ತಮ್ಮನ್ನು ಸೋಲಿಸಿ, ಮನೆಗೆ ಹೋಗಿ ಮಲಗಿಬಿಡುತ್ತಿದ್ದರಂತೆ. ಅದಕ್ಕೇ ‘ಹೊಸ ತಲೆಮಾರಿನ ಶತ್ರು ಬೇಕು’ ಎಂದು ನಮ್ಮ ಕಾಲೇಜಿಗೆ ಹೇಳಿಕಳುಹಿಸಿದಿರಿ. ಸೀನಿಯರ್‌ಗಳೆಲ್ಲ ನೋಟಿಸ್ ನೋಡಿದ ಕೂಡಲೇ ಮಾಯವಾದರು. ಯಾವ ಕ್ಲಾಸು ಎಲ್ಲಿ ಎಂದು ತಿಳಿಯದೆ ಕಾರಿಡಾರಿನಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದವಳು ನಾನೊಬ್ಬಳು.

“ಏನಮ್ಮಾ, ನೀನು ಹಾಸ್ಟೆಲಲ್ಲಿ ಬೆಳೆದವಳು ಅಲ್ವಾ?” ಎಂದರು ನಮ್ಮ ಮೇಷ್ಟ್ರು.

“ಎಸ್ ಸರ್. ಐದನೇ ಕ್ಲಾಸಿಂದ ಸರ್.”

“ಹಾಗಾದ್ರೆ ಶತ್ರುಗಳ ಮಧ್ಯೆನೇ ಬೆಳೆದಿದೀಯ. ನೀನೇ ಹೋಗು.”

ಬೇಡ ಎನ್ನುವ ಶಬ್ದ ನನಗೆ ಎರಡು ಭಾಷೆಯಲ್ಲಿ ಗೊತ್ತಿದೆ. ಬಾಯಿಗೆ ಒಂದರಲ್ಲೂ ಬರಲಿಲ್ಲ. ಹೀಗೆ ನಾನು ಮಹತ್ವಾಕಾಂಕ್ಷಿ ರಾಷ್ಟ್ರವಾದೆ.

‘ಮಹತ್ವಾಕಾಂಕ್ಷಿ ರಾಷ್ಟ್ರಗಳು ಎದುರಾಳಿ ಶಕ್ತಿಗಳೊಡನೆ ಏಕೆ ಯುದ್ಧಕ್ಕಿಳಿಯುತ್ತವೆ?’ ಎನ್ನುವುದು ನಮ್ಮ ಸಿಲಬಸ್ಸಿನಲ್ಲಿ ಹತ್ತು ಮಾರ್ಕಿನ ಪ್ರಶ್ನೆ. ಗೈಡಿನಲ್ಲಿ ಉತ್ತರ ರೆಡಿ ಇದೆ: ಬೆಳೆಯುವ ದೇಶಕ್ಕೆ ಆಸೆ, ಬೆಳೆದ ದೇಶಕ್ಕೆ ಅಂಜಿಕೆ, ಇಬ್ಬರ ನಡುವೆ ಗಡಿ, ಗಣಿ, ಗೌರವ. ಚೆನ್ನಾಗಿಯೇ ಇದೆ, ಬಾಯಿಪಾಠಕ್ಕೂ ಸುಲಭ. ಆದರೆ ಗೈಡ್ ಬರೆದವರು ಯಾರೂ ಸ್ವತಃ ಒಂದು ರಾಷ್ಟ್ರವಾಗಿ ಕೂತವರಲ್ಲ. ನಾನು ಕೂತಿದ್ದೇನೆ. ಒಳಗಿನಿಂದ ನೋಡಿದವಳಾಗಿ ಹೇಳುತ್ತೇನೆ ಕೇಳಿ: ಅಲ್ಲಿ ಗಡಿಯೂ ಇರಲಿಲ್ಲ, ಗಣಿಯೂ ಇರಲಿಲ್ಲ. ಎ.ಸಿ. ಜೋರಾಗಿತ್ತು. ಬಾತ್‌ರೂಮ್ ಎಲ್ಲಿ ಎಂದು ಕೇಳಲು ನಾಚಿಕೆಯಾಗುತ್ತಿತ್ತು. ಒಂದು ಇಡೀ ಮಹಾಶಕ್ತಿ ಕಾಲಮೇಲೆ ಕಾಲು ಹಾಕಿಕೊಂಡು, ಊಟದ ಬ್ರೇಕ್ ಯಾವಾಗ ಎಂದು ಗೋಡೆ ಗಡಿಯಾರ ನೋಡುತ್ತಿತ್ತು.

ಮೊದಲ ದಿನ ಮೇಜರ್ ಸಾಹೇಬರು ಸೀಟಿ ಊದಿ, “ಶತ್ರು ತನ್ನ ನಡೆ ನಡೆಸಲಿ” ಎಂದರು. ನನ್ನ ಕಡೆಯ ಧಾನ್ಯದ ಬಿಲ್ಲೆಗಳು ದೇಶದ ತುಂಬ ಚೆಲ್ಲಾಪಿಲ್ಲಿಯಾಗಿದ್ದವು. ಎಲ್ಲವನ್ನೂ ಬಾಚಿ ತಂದು ರಾಜಧಾನಿಯ ಪಕ್ಕ ಗುಡ್ಡೆ ಹಾಕಿಕೊಂಡೆ. ಇದರಲ್ಲಿ ಯಾವ ತಂತ್ರವೂ ಇರಲಿಲ್ಲ, ಮಾನ್ಯರೇ. ನಮ್ಮ ಹಾಸ್ಟೆಲಿನಲ್ಲಿ ಬೆಲ್ ಹೊಡೆದ ಕೂಡಲೇ ಓಡಿಹೋಗಿ ಬ್ರೆಡ್ ಎತ್ತಿಟ್ಟುಕೊಳ್ಳದಿದ್ದರೆ ಆಮೇಲೆ ತಟ್ಟೆಯಲ್ಲಿ ಬರೀ ತಟ್ಟೆ ಇರುತ್ತದೆ. ಬೆಲ್ಲಾಗಲಿ ಸೀಟಿಯಾಗಲಿ ಕೇಳಿದರೆ ನನ್ನ ಕೈ ತಾನಾಗಿ ಮುಂದೆ ಚಾಚುತ್ತದೆ. ತಾವು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿರಿ.

“ಧಾನ್ಯ ಕೂಡಿಡ್ತಿದ್ದಾರೆ ಮೇಜರ್! ವರ್ಷಗಟ್ಟಲೆ ಯುದ್ಧಕ್ಕೆ ರೆಡಿ ಆಗ್ತಿದ್ದಾರೆ.”

“ಸರ್, ಅದು ಖಾಲಿಯಾಗಿಬಿಡುತ್ತೆ ಅಂತ...” ಎಂದೆ.

“ಶತ್ರು ಕಾರಣ ಹೇಳೋ ಹಾಗಿಲ್ಲಮ್ಮಾ,” ಎಂದರು ಮೇಜರ್ ಸಾಹೇಬರು, ಒಳ್ಳೆಯ ಮಾತಿನಲ್ಲೇ. “ರೂಲ್ಸ್ ಅದು. ನೀನು ಸುಮ್ನೆ ಮಾಡ್ತಾ ಹೋಗು, ಅವರು ಅರ್ಥ ಮಾಡ್ಕೋತಾರೆ.”

ಆಮೇಲೆ ನಡೆದ ಎಲ್ಲದಕ್ಕೂ ಈ ಒಂದು ರೂಲ್ ಸಾಕಾಯಿತು. ತಾವು ಹೆದರಿ ನೀಲಿ ಪಡೆಗಳನ್ನು ಗಡಿಗೆ ತಂದಿರಿ. ಅದನ್ನು ಕಂಡು ನಾನು ಹೆದರಿ ಕೆಂಪು ಪಡೆಗಳನ್ನು ಎದುರಿಗೆ ನಿಲ್ಲಿಸಿದೆ. “ನೋಡಿದ್ರಾ, ನೋಡಿದ್ರಾ!” ಎಂದಿರಿ. ತಪ್ಪಾಯಿತೇನೋ ಎಂದು ವಾಪಸ್ ತೆಗೆದುಕೊಂಡೆ. “ಹಿಂದೆ ಸರಿದು ಓಡಿಬಂದು ಎಗರೋ ಪ್ಲಾನು” ಎಂದಿರಿ. ಹಡಗುಗಳನ್ನು ದೂರ ದೂರ ಇಟ್ಟರೆ ಸುತ್ತುವರಿಯುವ ಹುನ್ನಾರ. ಒಟ್ಟಿಗೆ ಇಟ್ಟರೆ ಮುಷ್ಟಿ ಬಿಗಿಯುವ ಹುನ್ನಾರ. ಒಂದು ಮಧ್ಯಾಹ್ನ ರೋಸಿಹೋಗಿ ಏನನ್ನೂ ಮುಟ್ಟದೆ ಕೈಕಟ್ಟಿ ಕೂತೆ. ಆ ದಿನ ತಾವು ಊಟವನ್ನೇ ಬಿಟ್ಟಿರಿ. ಏನೂ ಮಾಡದ ಶತ್ರುವಿನಷ್ಟು ಅಪಾಯಕಾರಿ ಶತ್ರು ಇನ್ನೊಬ್ಬನಿಲ್ಲ ಎಂದು ಫೋನಿನಲ್ಲಿ ಯಾರಿಗೋ ಪಿಸುಗುಟ್ಟಿದಿರಿ, ಎರಡು ಮಾರು ದೂರದಲ್ಲಿ ನಾನು ಕೂತಿರುವಾಗಲೇ.

“ಸಾರಿ ಸರ್,” ಎಂದೆ ಒಮ್ಮೆ, ಯಾವುದಕ್ಕೆ ಎಂದು ನನಗೇ ಗೊತ್ತಿಲ್ಲದೆ.

ತಾವು ಮೇಜರ್ ಸಾಹೇಬರ ಮುಖ ನೋಡಿದಿರಿ. “ಯಾವ ದೇಶ ಕಾರಣ ಇಲ್ದೆ ಸಾರಿ ಕೇಳುತ್ತೆ? ಮುಂದೆ ಮಾಡೋದಕ್ಕೆ ಈಗ್ಲೇ ಕೇಳ್ತಿದ್ದಾಳೆ.”

ಮೇಜರ್ ಸಾಹೇಬರಿಗೂ ನನ್ನ ಮೇಲೆ ಬೇಸರವಿತ್ತು, ಆದರೆ ಬೇರೆ ಕಾರಣಕ್ಕೆ. ಅವರ ಪ್ರಕಾರ ನಾನು ಶತ್ರುವಿಗೆ ತಕ್ಕ ಶತ್ರು ಆಗಿರಲಿಲ್ಲ. “ಸ್ವಲ್ಪ ಮಹತ್ವಾಕಾಂಕ್ಷೆ ತೋರಿಸಮ್ಮಾ. ದೇಶ ಅಂದ್ಮೇಲೆ ಆಸೆ ಇರ್ಬೇಕು. ನಿಂಗೆ ಜೀವನದಲ್ಲಿ ಏನೂ ಬೇಡ್ವಾ?”

“ಬೇಕು ಸರ್.”

“ಏನು ಬೇಕು, ನಾಚ್ಕೋಬೇಡ, ಹೇಳು.”

“ರೂಮಲ್ಲಿ ಕಿಟಕಿ ಪಕ್ಕದ ಮಂಚ ಬೇಕು ಸರ್. ಈಗ ನಂದು ಬಾಗಿಲ ಹಿಂದೆ ಇದೆ. ಯಾರೇ ಬಂದ್ರೂ ಬಾಗಿಲು ನನ್ನ ಮಂಡಿಗೆ ಹೊಡೆಯುತ್ತೆ.”

ಅವರು ನಗಲಿಲ್ಲ. ತಾವೂ ನಗಲಿಲ್ಲ. ಗಂಭೀರವಾಗಿ ಬರೆದುಕೊಂಡಿರಿ. ಏನು ಬರೆದುಕೊಂಡಿರಿ ಎನ್ನುವುದು ಕಳೆದ ವಾರ ತಮ್ಮ ವರದಿಯ ಸಾರಾಂಶ ಪತ್ರಿಕೆಗಳಲ್ಲಿ ಬಂದಾಗ ಗೊತ್ತಾಯಿತು: ‘ಇಕ್ಕಟ್ಟಾದ ಕೊಲ್ಲಿಯೊಳಗೆ ಉಸಿರುಗಟ್ಟಿರುವ ನೆರೆಯ ರಾಷ್ಟ್ರ, ತೆರೆದ ಸಮುದ್ರದತ್ತ ದಾರಿಯೊಂದನ್ನು ಹೇಗಾದರೂ ದಕ್ಕಿಸಿಕೊಳ್ಳಲು ಹಾತೊರೆಯುತ್ತಿದೆ.’ ಮಾನ್ಯರೇ, ಅದು ನನ್ನ ಮಂಚ.

ಕೊನೆಯ ದಿನದ ವಿಷಯ. ಟೀ ಕಪ್ಪು ಎತ್ತುವಾಗ ನನ್ನ ಕೈ ಜಾರಿ ಎರಡು ದೇಶಗಳ ನಡುವಿನ ಜಲಸಂಧಿಯಲ್ಲಿ ಟೀ ಚೆಲ್ಲಿತು. ನಕ್ಷೆ ಹಾಳಾದರೆ ಬೈಯುತ್ತಾರೆ ಎಂದು ಅವಸರದಲ್ಲಿ ಕರ್ಚೀಫ್ ತೆಗೆದು ಅದರ ಮೇಲೆ ಹಾಸಿದೆ. ತಮ್ಮ ಮುಖ ಬೆಳಗಿತು. “ಜಲಸಂಧಿ ಮುಚ್ಚಿದ್ರು!” ಎಂದು ಕೂಗಿದಿರಿ. ಮೇಜರ್ ಸಾಹೇಬರು ಸೀಟಿ ಊದಿದರು, ಯುದ್ಧ ಶುರುವಾಯಿತು. ಗಾಬರಿಯಲ್ಲಿ ಕರ್ಚೀಫ್ ವಾಪಸ್ ಎಳೆಯಲು ಹೋದೆ. ಸ್ವೆಟರ್ ತೋಳು ತಗುಲಿ ಗಡಿ ನದಿಯ ಸೇತುವೆಯ ಹತ್ತಿರ ನಿಂತಿದ್ದ ಒಂದು ನೀಲಿ ಬಿಲ್ಲೆ ಉರುಳಿ ಟೇಬಲ್ಲಿನ ಕೆಳಗೆ ಬಿತ್ತು. “ಸೇತುವೆ ಪಡೆ ಹೋಯಿತು,” ಎಂದರು ಮೇಜರ್ ಸಾಹೇಬರು. “ಪರವಾಗಿಲ್ಲ, ಒಂದೇ ತಾನೇ,” ಎಂದಿರಿ ತಾವು. ಬಗ್ಗಿ ಎತ್ತಿಕೊಡಲು ಹೋದೆ. ಬಿದ್ದದ್ದನ್ನು ಎತ್ತುವ ಹಾಗಿಲ್ಲವಂತೆ.

ಇಲ್ಲಿ ಒಂದು ಮಾತು ಕೇಳಲೇಬೇಕು. ಯುದ್ಧ ಶುರುವಾದ ಕೂಡಲೇ ತಾವು ಕೋಟಿನ ಜೇಬಿನಿಂದ ಕೆಲವು ಚೀಟಿ ತೆಗೆದು ನನ್ನ ಬಂದರುಗಳ ಮೇಲೆ, ನನ್ನ ಕಲ್ಲಿದ್ದಲಿನ ಬೆಟ್ಟದ ಮೇಲೆ ಒಂದೊಂದಾಗಿ ಅಂಟಿಸಿದಿರಿ. ಪ್ರತಿ ಚೀಟಿಯ ಮೇಲೂ ನಮ್ಮ ದೇಶದವರ ಬಾಯಿಗೆ ಒಗ್ಗುವ ಹೊಸ ಹೆಸರು. ಮುದ್ದಾದ ಅಕ್ಷರ, ಸುತ್ತಲೂ ಬಣ್ಣದ ಅಂಚು. ಅಂಥ ಅಂಚನ್ನು ಯಾರೂ ಅವಸರದಲ್ಲಿ ಬಿಡಿಸುವುದಿಲ್ಲ. ಮನೆಯಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು, ಸಮಾಧಾನವಾಗಿ ಬಿಡಿಸುತ್ತಾರೆ. ಟೀ ಇನ್ನೂ ಕಪ್ಪಿನಲ್ಲಿದ್ದಾಗಲೇ ಆ ಚೀಟಿಗಳು ತಮ್ಮ ಜೇಬಿನಲ್ಲಿದ್ದವು ಅಲ್ಲವೇ? ನೆರೆಯ ದೇಶದವರು ಸಾಧುಗಳು, ಅವರಿಗೆ ಆಸೆಯೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಇದ್ದರೂ ಇರಬಹುದು, ನಾನು ಅವರಲ್ಲಿ ಒಬ್ಬರನ್ನೂ ನೋಡಿಲ್ಲ. ಆದರೆ ಗೈಡಿನಲ್ಲಿ ಹೇಳಿದ ಮಹತ್ವಾಕಾಂಕ್ಷೆ ಆ ಕೋಣೆಯಲ್ಲಿ ಎಲ್ಲಾದರೂ ಇದ್ದಿದ್ದರೆ ಅದು ಕೆಂಪು ಕುರ್ಚಿಯಲ್ಲಂತೂ ಇರಲಿಲ್ಲ. ಆಸೆ ತಮ್ಮದು, ಅಂಜಿಕೆ ನನ್ನದು. ಯುದ್ಧಕ್ಕೆ ಇವೆರಡೂ ಬೇಕಂತೆ. ಎರಡೂ ಒಂದೇ ದೇಶದಲ್ಲಿ, ಒಂದೇ ಟೇಬಲ್ಲಿನಲ್ಲಿ ಸಿಕ್ಕಿಬಿಟ್ಟರೆ ಎದುರಾಳಿ ಶಕ್ತಿ ಎನ್ನುವುದು ಯಾಕಾದರೂ ಬೇಕು? ಅವರನ್ನು ಮಲಗಲು ಬಿಡಬಹುದಲ್ಲ!

ಪತ್ರಿಕೆಯಲ್ಲಿ ಸಾರಾಂಶ ಬಂದ ಮಾರನೆಯ ದಿನ ಮನೆಯಿಂದ ಫೋನ್ ಬಂತು, ಅಣ್ಣನಿಗೆ ಕರೆ ಬಂದಿದೆ ಎಂದು. ರಜೆ ಹಾಕಿ ಓಡಿದೆ. ಅಡುಗೆಮನೆಯ ಟೇಬಲ್ಲಿನ ಮೇಲೆ ಕಂಬಳಿ ಹಾಸಿ ಅಮ್ಮ ಅವನ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಇಡೀ ದಿನ ಇಸ್ತ್ರಿ ಮಾಡಿ ಬಂದು ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಣ್ಣ ಬೂಟಿಗೆ ಲೇಸು ಪೋಣಿಸುತ್ತಾ ಕೂತಿದ್ದ.

“ಯಾವ ಪಡೆ ಅಣ್ಣಾ?”

“ಸೇತುವೆ ಪಡೆ ಅಂತೆ. ಸೇತುವೆ ಹತ್ರ ನಿಂತ್ಕೊಂಡ್ರೆ ಆಯ್ತು. ಲಿಫ್ಟ್ ಗುಂಡಿಗಿಂತ ವಾಸಿ ಬಿಡು, ಗಾಳಿನಾದ್ರೂ ಇರುತ್ತೆ.”

“ಅಣ್ಣಾ, ಅದು ಬಿದ್ದುಹೋಯ್ತು.”

“ಏನು ಬಿದ್ದುಹೋಯ್ತು?”

ಹೇಳಿದೆ. ಬ್ರೆಡ್ಡಿನಿಂದ ಹಿಡಿದು ಕರ್ಚೀಫಿನವರೆಗೆ, ತೊದಲುತ್ತಾ, ಅರ್ಧ ಇಂಗ್ಲಿಷಿನಲ್ಲಿ. ಅವನು ಪೂರ್ತಿ ಕೇಳಿಸಿಕೊಂಡು, ಲೇಸು ಕೈಯಲ್ಲೇ ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಂದ್ರೆ ನಾನು ಸತ್ತಿದ್ದು ನಿನ್ನ ಸ್ವೆಟರ್ ತಾಗಿ! ಆ ತೋಳು ಉದ್ದ ಆಯ್ತು, ಮಡಚಿ ಹೊಲಿಸ್ಕೋ ಅಂತ ಎಷ್ಟು ಸಲ ಬಡ್ಕೊಂಡೆ ಕೋತಿ?”

“ನಗಬೇಡ ಅಣ್ಣಾ. ನೀನು ಹೋದ್ರೆ ಪರವಾಗಿಲ್ಲ ಅಂದ್ರು ಅವರು. ಒಂದೇ ತಾನೇ ಅಂದ್ರು.”

ಅಮ್ಮ ಎತ್ತಿದ ಇಸ್ತ್ರಿ ಪೆಟ್ಟಿಗೆಯನ್ನು ಇಳಿಸಲಿಲ್ಲ. “ಸಾಯೋ ಮಾತು ಆಡ್ಬೇಡಿ. ಇಬ್ರಿಗೂ ಹೇಳ್ತಿದೀನಿ,” ಎಂದಳು. ಅಂಗಿಯ ಕಾಲರನ್ನು ಅವಳು ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು, ಅಣ್ಣ “ಸಾಕಮ್ಮಾ, ಸುಟ್ಟುಹೋಗುತ್ತೆ” ಎನ್ನುವ ತನಕ.

ಇದೆಲ್ಲ ತಪ್ಪು ತಿಳಿವಳಿಕೆ ಎಂದು ವಿವರಿಸಲು ತಮ್ಮ ಕಚೇರಿಗೆ ಬಂದೆ. ಗೇಟಿನ ಗಾರ್ಡ್ ಅಂಕಲ್ ನನ್ನ ಪಾಸ್ ನೋಡಿ ಅಡ್ಡ ನಿಂತರು.

“ಬಿಡಕ್ಕಾಗಲ್ಲಮ್ಮಾ.”

“ಹೋದ ತಿಂಗಳೆಲ್ಲ ಬಿಟ್ರಲ್ಲ ಅಂಕಲ್?”

“ಆಗ ತಾಲೀಮು. ಈಗ ನಿಜವಾದ್ದು. ಶತ್ರುನ ಒಳಗೆ ಬಿಟ್ಟೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

“ಸರಿ, ಪಾಸ್ ತೆಗೆದುಬಿಡ್ತೀನಿ, ಇಗೊಳ್ಳಿ.”

“ಪಾಸ್ ಇಲ್ದೆ ಯಾರನ್ನೂ ಬಿಡಲ್ಲಮ್ಮಾ.”

ಸಂಜೆಯವರೆಗೆ ಫುಟ್‌ಪಾತಿನ ಮೇಲೆ ನಿಂತು ತಮ್ಮ ಕಾರು ಹೊರಬಂದಾಗ ಅಡ್ಡ ಓಡಿದೆ. ತಾವು ಗಾಜು ಇಳಿಸಿದಿರಿ. ಅದಕ್ಕೆ ಈಗಲೂ ಕೃತಜ್ಞಳು.

“ಸರ್, ಧಾನ್ಯ, ಸಮುದ್ರ, ಜಲಸಂಧಿ ಎಲ್ಲಾ ನಾನು ಸರ್. ಅವರು ಅದ್ಯಾವುದನ್ನೂ ಮಾಡಿಲ್ಲ.”

“ಶತ್ರು ಪರವಾಗಿ ಮಾತಾಡ್ತಿದೀಯಾ?”

“ಪರವಾಗಿ ಅಲ್ಲ ಸರ್, ಶತ್ರುನೇ ಮಾತಾಡ್ತಿರೋದು. ನಂಗೆ ಯುದ್ಧ ಬೇಡ.”

“ಅವರ ರೇಡಿಯೋನೂ ಇದನ್ನೇ ಹೇಳ್ತಿದೆ,” ಎಂದು ಗಾಜು ಏರಿಸಿದಿರಿ.

ಅಂದಿನಿಂದ ನನಗೆ ನಿದ್ದೆಯಿಲ್ಲ. ನದಿಯ ಆಚೆಗೂ ಒಂದು ಕಚೇರಿ ಇರಲೇಬೇಕಲ್ಲ? ಅಲ್ಲಿಯೂ ಒಂದು ಟೇಬಲ್, ಅದರ ಕೆಂಪು ಕುರ್ಚಿಯಲ್ಲಿ ನಮ್ಮ ದೇಶವಾಗಿ ಕೂತಿರುವವರು ಯಾರು? ಅವರ ಕಾಲೇಜಿನಲ್ಲಿ ಬೇಡ ಎನ್ನಲು ಬಾಯಿ ಬಾರದೆ ಕಾರಿಡಾರಿನಲ್ಲಿ ಸಿಕ್ಕಿಬಿದ್ದ ಯಾರೋ ಒಬ್ಬ ಹುಡುಗ ಇರಬಹುದು. ಅವನಿಗೆ ಉಗುರು ಕಚ್ಚುವ ಅಭ್ಯಾಸ ಇರಬಹುದು. ನಾವು ಹಲ್ಲು ಮಸೆಯುತ್ತಿದ್ದೇವೆ ಎಂದು ಅಲ್ಲಿಯ ನಿರ್ದೇಶಕರು ಬರೆದುಕೊಂಡಿರಬಹುದು. ನಮ್ಮ ನಮ್ಮ ಸರ್ಕಾರಗಳು ಒಂದು ಪೋಸ್ಟ್‌ಕಾರ್ಡ್ ಹಾಕಿ ‘ಏನ್ರೀ, ಏನು ಸಮಾಚಾರ?’ ಎಂದು ಕೇಳುವ ಬದಲು ನನ್ನನ್ನೂ ಆ ಹುಡುಗನನ್ನೂ ಕೇಳಿವೆ. ನಮ್ಮಿಬ್ಬರಿಗೂ ಏನೂ ಗೊತ್ತಿಲ್ಲ. ನಮ್ಮ ಬೆವರು ಒರೆಸಿದ್ದನ್ನು, ಆಕಳಿಸಿದ್ದನ್ನು, ಕುರ್ಚಿ ಹಿಂದೆ ಎಳೆದಿದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ದೊಡ್ಡವರು ಇತಿಹಾಸ ಬರೆಯುತ್ತಿದ್ದಾರೆ. ಹತ್ತು ಮಾರ್ಕಿನ ಪ್ರಶ್ನೆಗೆ ಈ ಸಲ ನಾನು ಇದನ್ನೇ ಉತ್ತರವಾಗಿ ಬರೆಯುವವಳಿದ್ದೇನೆ. ಸೊನ್ನೆ ಬರುತ್ತದೆ, ಗೊತ್ತು.

ಈಗ ಬೇಡಿಕೆ. ತಾಲೀಮಿನ ಬಿಡುವಿನಲ್ಲಿ ಮಾಡಲು ಬೇರೇನೂ ಇಲ್ಲದೆ ತಮ್ಮ ರೂಲ್ ಬುಕ್ಕನ್ನು ನಾನು ಪೂರ್ತಿ ಓದಿದ್ದೇನೆ. ಕೊನೆಯ ಹಾಳೆಗಳನ್ನು ಈವರೆಗೆ ಯಾರೂ ಬಿಡಿಸಿರಲಿಲ್ಲ, ಅಂಚು ಅಂಟಿಕೊಂಡೇ ಇತ್ತು. ಬೆರಳಿಂದ ಬಿಡಿಸಿ ಓದಿದೆ. ಯಾವುದೇ ಕಡೆ ಬರವಣಿಗೆಯಲ್ಲಿ ಶರಣಾದರೆ ಆಟ ಅಲ್ಲಿಗೆ ಮುಗಿಯಿತು, ಇನ್ನೊಂದು ಕಡೆಯ ಪಡೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹಿಂತಿರುಗಬೇಕು ಎಂದಿದೆ. ಆದ್ದರಿಂದ ತಾವೇ ನೇಮಿಸಿದ, ತಾವೇ ಪಾಸ್ ಕೊಟ್ಟ, ಈವರೆಗೂ ತಾವು ಕೆಲಸದಿಂದ ತೆಗೆದಿರದ ನೆರೆಯ ದೇಶವಾದ ನಾನು ಈ ಪತ್ರದ ಮೂಲಕ, ಓದುಗರೆಲ್ಲರ ಎದುರಿಗೆ, ಯಾವ ಷರತ್ತೂ ಇಲ್ಲದೆ ತಮಗೆ ಶರಣಾಗುತ್ತಿದ್ದೇನೆ. ಬಂದರುಗಳು ತಮ್ಮವು, ಬೆಟ್ಟ ತಮ್ಮದು. ತಾವು ಗೆದ್ದಿದ್ದೀರಿ. ಅಭಿನಂದನೆಗಳು. ಸೋಮವಾರದ ರೈಲಿಗೆ ಮೊದಲೇ ಈ ಗೆಲುವನ್ನು ದಯವಿಟ್ಟು ಒಪ್ಪಿಕೊಳ್ಳಿ. ಇದೂ ಒಂದು ಕುತಂತ್ರ ಎಂದು ತಮಗೆ ಅನುಮಾನ ಬಂದರೆ ತಮ್ಮ ಸೇನೆಯನ್ನು ಕಳುಹಿಸಿ ನನ್ನನ್ನು ವಶಪಡಿಸಿಕೊಳ್ಳಿ, ನಾನು ಎಲ್ಲಿಗೂ ಓಡಿಹೋಗುವುದಿಲ್ಲ. ಮೂರನೇ ಮಹಡಿ, ನೀರಿನ ಟ್ಯಾಂಕಿನ ಪಕ್ಕದ ರೂಮು. ಆದರೆ ನಮ್ಮ ವಾರ್ಡನ್ ಅಮ್ಮ ಬಹಳ ಕಟ್ಟುನಿಟ್ಟು. ಸೇನೆಯೇ ಬಂದರೂ ಹೊರಗಿನ ಗಂಡಸರನ್ನು ಮೆಟ್ಟಿಲು ಹತ್ತಲು ಬಿಡುವವರಲ್ಲ. ಅವರು ಬಿಡುವುದು ಒಡಹುಟ್ಟಿದವರನ್ನು ಮಾತ್ರ. ಹಾಗಾಗಿ ಒಬ್ಬನನ್ನೇ ಕಳುಹಿಸಿ. ನನ್ನ ಅಣ್ಣನನ್ನು ಕಳುಹಿಸಿ.

ಇಂತಿ,
ಸೋಲಲು ಎಲ್ಲ ರೀತಿಯಿಂದಲೂ ಸಿದ್ಧವಿರುವ
ತಮ್ಮ ಶತ್ರು
(ಬಿ.ಎ. ಮೊದಲ ವರ್ಷ, ತಮ್ಮ ತಾಲೀಮಿನ ದೆಸೆಯಿಂದ ಹಾಜರಾತಿ ಕೊರತೆ)